ಬುಗುರಿಯ ಉಸಿರು

ತರಬೇತಿ ನಡೆದದ್ದು ಆಸ್ಪತ್ರೆಯ ಹಳೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ಬೇರೆ ಜಾಗವಿರಲಿಲ್ಲ. ಗೋಡೆಯ ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತ್ತು. ನೆಲದ ಮೇಲೆ ಯಂತ್ರಗಳನ್ನು ಕಿತ್ತ ಕಡೆ ತುಕ್ಕಿನ ಗುರುತುಗಳಿದ್ದವು. ಅಲ್ಲಿ ಮೇಜುಗಳನ್ನು ಸಾಲಾಗಿಟ್ಟು ಒಂದೊಂದರ ಮೇಲೆ ಒಂದೊಂದು ರಬ್ಬರಿನ ಮಗುವನ್ನು ಮಲಗಿಸಿದ್ದರು. ಆ ಮಕ್ಕಳಿಗೆ ತಲೆ, ಎದೆ, ಹೊಟ್ಟೆ ಇದ್ದವು, ಕೈಕಾಲಿರಲಿಲ್ಲ.

ದೊಡ್ಡ ಆಸ್ಪತ್ರೆಯಿಂದ ಕಲಿಸಲು ಬಂದಿದ್ದ ಮಕ್ಕಳ ಡಾಕ್ಟರಮ್ಮ ಪೀಠಿಕೆಯನ್ನೇನೂ ಹಾಕಲಿಲ್ಲ. "ಈ ಗೊಂಬೆ ಸಾಯಲ್ಲ. ಅದಕ್ಕೇ ಎಷ್ಟು ತಪ್ಪು ಮಾಡಬೇಕೋ ಅಷ್ಟೂ ಇದರ ಮೇಲೇ ಮಾಡಿ ಮುಗಿಸಿಬಿಡಿ" ಎಂದರು.

ಕಲಿಯಲು ಬಂದವರಲ್ಲಿ ತುರ್ತು ವಾರ್ಡಿನ ಹಿರಿಯ ನರ್ಸ್ ಒಬ್ಬಳಿದ್ದಳು. ಅವಳ ಬೀದಿಯ ಮಕ್ಕಳು ಅವಳಿಗೆ ಸೂಜಿಯಕ್ಕ ಎಂದು ಹೆಸರಿಟ್ಟಿದ್ದವು. ಮಕ್ಕಳ ಬಾಯಿಂದ ಅದು ದೊಡ್ಡವರ ಬಾಯಿಗೂ ಹತ್ತಿ, ಕೊನೆಗೆ ಆಸ್ಪತ್ರೆಯಲ್ಲೂ ಅದೇ ಗಟ್ಟಿಯಾಗಿತ್ತು. ಆ ವಾರ್ಡಿನಲ್ಲಿ ಅವಳ ಕೂದಲು ನರೆಯಲು ಶುರುವಾಗಿತ್ತು. ಉಸಿರು ನಿಂತ ಮಕ್ಕಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಆಗೆಲ್ಲ ನಡೆಯುತ್ತಿದ್ದದ್ದು ಒಂದೇ: ಒಬ್ಬರು ಅಂಗಾಲು ಉಜ್ಜುವುದು, ಒಬ್ಬರು ಆಕ್ಸಿಜನ್‌ಗಾಗಿ ಕೂಗುವುದು, ಇನ್ನೊಬ್ಬರು ಡಾಕ್ಟರನ್ನು ಹುಡುಕಿಕೊಂಡು ಓಡುವುದು, ಎಲ್ಲ ಸೇರಿ ಮಗುವನ್ನು ಆಂಬುಲೆನ್ಸಿಗೆ ಹಾಕಿ ದೊಡ್ಡ ಆಸ್ಪತ್ರೆಯ ದಾರಿ ಹಿಡಿಸುವುದು. ಮಗು ದಾರಿಯಲ್ಲೇ ಹೋಗುತ್ತಿತ್ತು. ಅದು ಹಾಗೆಯೇ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ ಎಂದು ಅವಳು ನಂಬಿದ್ದಳು.

ಹಾಗಲ್ಲ ಎಂದು ಡಾಕ್ಟರಮ್ಮ ತೋರಿಸಿಕೊಟ್ಟರು. ದೊಡ್ಡವರಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ಹೃದಯ, ಮಕ್ಕಳಲ್ಲಿ ಉಸಿರು. ಆದ್ದರಿಂದ ಮಗುವಿಗೆ ಮೊದಲು ಗಾಳಿ ಬೇಕು ಎಂದರು. ಗಲ್ಲ ಎತ್ತಿ ಶ್ವಾಸದ ದಾರಿ ತೆರೆಯುವುದು, ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಆಂಬು ಬ್ಯಾಗ್ ಎಂಬ ಗಾಳಿಚೀಲವನ್ನು ಹಿಸುಕುವುದು, ಎದೆ ಮೇಲೇಳುವುದನ್ನು ಕಣ್ಣಿಂದ ನೋಡಿಯೇ ನಂಬುವುದು. ನಾಡಿ ಸಿಗದಿದ್ದರೆ ಎದೆಯ ನಡುವೆ ಅಂಗೈಬುಡವಿಟ್ಟು, ಎದೆಯ ದಪ್ಪದ ಮೂರನೆಯ ಒಂದು ಪಾಲು ಇಳಿಯುವಷ್ಟು ಒತ್ತುವುದು. ಹದಿನೈದು ಒತ್ತು, ಎರಡು ಉಸಿರು. ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡುವುದು. ಸುಸ್ತಾಗುವ ಮೊದಲೇ ಕೈ ಬದಲಾಯಿಸುವುದು.

ಸೂಜಿಯಕ್ಕನ ಮೊಣಕೈ ಬಾಗುತ್ತಿತ್ತು. ಡಾಕ್ಟರಮ್ಮ ಔಷಧಿ ಪೆಟ್ಟಿಗೆಯ ರಟ್ಟನ್ನು ಸುರುಳಿ ಸುತ್ತಿ, ಅವಳ ಮೊಣಕೈಗೆ ಬ್ಯಾಂಡೇಜಿನಲ್ಲಿ ಬಿಗಿದು ಕಟ್ಟಿಬಿಟ್ಟರು. ಆ ರಟ್ಟು ಕಟ್ಟಿಕೊಂಡೇ ಅವಳು ಒತ್ತಿದಳು, ಬೆವರು ಮೂಗಿನ ತುದಿಯಿಂದ ಗೊಂಬೆಯ ಮೇಲೆ ತೊಟ್ಟಿಕ್ಕುವವರೆಗೆ. ಜೊತೆಗಿದ್ದ ಡ್ಯೂಟಿ ಡಾಕ್ಟರು ಆಗಷ್ಟೇ ಓದು ಮುಗಿಸಿ ಬಂದಿದ್ದ ಹುಡುಗ. ಅವನಿಗೂ ಮಾಸ್ಕ್ ಹಿಡಿಯುವುದು ಒಲಿಯದೆ ಗಾಳಿಯೆಲ್ಲ ಕೆನ್ನೆಯ ಪಕ್ಕದಿಂದ ಪುಸ್ಸೆಂದು ಹೋಗುತ್ತಿತ್ತು. ಇಬ್ಬರೂ ಬಿಡದೆ ಕಲಿತರು.

ಇನ್ನಷ್ಟು ರೂಢಿಯಾಗಲೆಂದು ಸೂಜಿಯಕ್ಕ ಕೇಳಿಕೊಂಡು ಒಂದು ಗೊಂಬೆಯನ್ನು ಮನೆಗೆ ತಂದಳು. ಅವಳಿಗೂ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡನಿಗೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಇದ್ದವರು ಅವರಿಬ್ಬರು ಮತ್ತು ಅತ್ತೆ. ಅತ್ತೆಯ ನಾಲಿಗೆ ಇಡೀ ಬೀದಿಗೆ ಗೊತ್ತಿದ್ದದ್ದೇ. ಊಟದ ಮೇಜಿನ ಮೇಲೆ ಮಲಗಿದ ಗೊಂಬೆಯನ್ನು ಅವರು ತಿರುಗಿಸಿ ಮುರುಗಿಸಿ ನೋಡಿ, "ಅಂತೂ ಈ ಮನೆಗೊಂದು ಮಗು ಬಂತು. ಅದೂ ಅರ್ಧ" ಎಂದರು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಸೂಜಿಯಕ್ಕ ಮೊದಲು ನಕ್ಕಳು, ಆಮೇಲೆ ಅತ್ತೆಯೂ ನಕ್ಕರು. ಹಾಗೆ ನಗುವುದನ್ನು ಅವರು ಎಂದೋ ರೂಢಿ ಮಾಡಿಕೊಂಡಿದ್ದರು.

ಅವರ ಎದುರು ಮನೆಯಲ್ಲಿ, ಬೀದಿಗೆ ಬಾಗಿಲಿದ್ದ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಹೊಲಿಗೆಯವಳೊಬ್ಬಳಿದ್ದಳು. ಗಂಡ ಲಾರಿ ಡ್ರೈವರ್, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೇ. ಅವಳು ಸೂಜಿಯಕ್ಕನನ್ನು ಕಂಡಾಗಲೆಲ್ಲ, "ಅಕ್ಕ, ನಮ್ಮಿಬ್ಬರದೂ ಚುಚ್ಚೋ ಕೆಲಸವೇ. ನನ್ನ ಗಿರಾಕಿ ಅಳಲ್ಲ ಅಷ್ಟೇ" ಎಂದು ತಮಾಷೆ ಮಾಡುವಳು. ಅವರ ಒಬ್ಬಳೇ ಮಗಳಿಗೆ ಆಗಷ್ಟೇ ಶಾಲೆಗೆ ಹೋಗುವ ವಯಸ್ಸು. ನಿಂತಲ್ಲಿ ನಿಲ್ಲದವಳು, ಕೂತಲ್ಲಿ ಕೂರದವಳು. ಅಪ್ಪ ಅವಳನ್ನು ಬುಗುರಿ ಎಂದು ಕರೆದ; ಎಲ್ಲರೂ ಹಾಗೇ ಕರೆದರು.

ಹೊಲಿಗೆಯವಳ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಯಾರೋ ಕಟ್ಟಡ ಎಬ್ಬಿಸುತ್ತಿದ್ದರು. ಸಿಮೆಂಟ್ ಕಲಸಲು ನೀರು ತುಂಬಿಡುವ ತೊಟ್ಟಿಯೊಂದನ್ನು ನೆಲದಲ್ಲಿ ತೋಡಿ, ಮೇಲೆ ತಗಡು ಮುಚ್ಚಿದ್ದರು. ತರಬೇತಿ ಮುಗಿದು ಕೆಲವು ವಾರಗಳಾಗಿದ್ದಾಗ, ಬಿಸಿಲೇರಿದ ಒಂದು ದಿನ, ಕೆಲಸದವರು ಊಟಕ್ಕೆ ಹೋದ ಸಮಯದಲ್ಲಿ ಆ ತಗಡು ಸರಿದಿತ್ತು. ಹೊಲಿಗೆಯವಳು ಬ್ಲೌಸಿಗೆ ಒಂದು ತೋಳು ಜೋಡಿಸಿ ಮುಗಿಸಿ, ಎಲ್ಲೂ ಸದ್ದಿಲ್ಲವಲ್ಲ ಎಂದು ತಲೆ ಎತ್ತಿದಳು. ಹುಡುಕುತ್ತ ಹೊರಗೆ ಬಂದಳು. ನೀರಿನಿಂದ ಮಗುವನ್ನು ಎತ್ತಿದ್ದು ಅವಳೇ. ಊಟ ಬಿಟ್ಟು ಓಡಿಬಂದ ಕೆಲಸಗಾರನೊಬ್ಬ ತನ್ನ ಬೈಕಿನ ಹಿಂದೆ ತಾಯಿ ಮಗುವನ್ನು ಕೂರಿಸಿಕೊಂಡು ಆಸ್ಪತ್ರೆಗೆ ತಂದ.

ಸೂಜಿಯಕ್ಕ ಬಾಗಿಲಲ್ಲಿ ಮಗುವನ್ನು ಕೈಗೆ ತೆಗೆದುಕೊಂಡಾಗ ಮೊದಲು ನೋಡಿದ್ದು ಮುಖವನ್ನಲ್ಲ, ಎದೆಯನ್ನು. ಎದೆ ಆಡುತ್ತಿರಲಿಲ್ಲ. ಮಂಚದ ಮೇಲೆ ಮಲಗಿಸಿದ ಮೇಲೆಯೇ ಅದು ಬುಗುರಿ ಎಂದು ಅವಳಿಗೆ ಗೊತ್ತಾದದ್ದು. ಎಷ್ಟು ಹೊತ್ತು ನೀರಲ್ಲಿದ್ದಳು ಎಂದು ಡ್ಯೂಟಿ ಡಾಕ್ಟರ್ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ತಾಯಿ, ಒಂದು ತೋಳು ಹೊಲಿದೆ, ಒಂದೇ ತೋಳು, ಎಂದು ಅದನ್ನೇ ಹೇಳುತ್ತಿದ್ದಳು.

ಆಮೇಲೆ ನಡೆದದ್ದೆಲ್ಲ ಕಲಿಸಿದ ಹಾಗೆಯೇ ನಡೆಯಿತು. ಡಾಕ್ಟರ್ ತಲೆಯ ಕಡೆ ನಿಂತು ಮಾಸ್ಕ್ ಹಿಡಿದ. ಗಾಳಿ ಎಲ್ಲೂ ಸೋರಲಿಲ್ಲ, ಎದೆ ಎದ್ದಿತು, ಇಳಿಯಿತು. ನಾಡಿ ಸಿಗಲಿಲ್ಲ. ಸೂಜಿಯಕ್ಕ ಒತ್ತತೊಡಗಿದಳು, ಗಟ್ಟಿಯಾಗಿ ಎಣಿಸುತ್ತ. ಇನ್ನೊಬ್ಬ ನರ್ಸ್ ಮೊಣಕಾಲಿನ ಕೆಳಗೆ ಮೂಳೆಗೇ ಸೂಜಿ ಚುಚ್ಚಿ, ಹೃದಯವನ್ನು ಎಬ್ಬಿಸುವ ಅಡ್ರಿನಲಿನ್ ಕೊಟ್ಟಳು. ವಾರ್ಡಿನ ಆಯಾ ಒದ್ದೆ ಬಟ್ಟೆ ಬಿಚ್ಚಿ, ಒರೆಸಿ, ಕಂಬಳಿ ಹೊದೆಸಿದಳು. ಯಾರೂ ಕೂಗಾಡಲಿಲ್ಲ. ಕೈ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ರಬ್ಬರಿನ ಎದೆಗೂ ಈ ಎದೆಗೂ ಇದ್ದ ವ್ಯತ್ಯಾಸ ಅಂಗೈಗೆ ಗೊತ್ತಾಗುತ್ತಿತ್ತು. ಅದನ್ನು ಸೂಜಿಯಕ್ಕ ಆಮೇಲೆ ಯಾರಿಗೂ ಹೇಳಲಿಲ್ಲ. ಇನ್ನು ಆಗದು ಎಂದು ಒಬ್ಬರ ಮುಖ ಒಬ್ಬರು ನೋಡುವ ಹೊತ್ತಿಗೆ, ಕತ್ತಿನ ಪಕ್ಕ ಬೆರಳಿಟ್ಟಿದ್ದ ಡಾಕ್ಟರ್ ಎಲ್ಲರನ್ನೂ ಸುಮ್ಮನಿರುವಂತೆ ಕೈ ಎತ್ತಿದ.

"ಇದೆ" ಎಂದ. "ಬಡೀತಿದೆ."

ಆಯಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸೂಜಿಯಕ್ಕ ಹೊರಗೆ ಬಂದಾಗ ಹೊಲಿಗೆಯವಳು ಗೋಡೆಗೆ ಒರಗಿ ನಿಂತಿದ್ದಳು. ಅವಳ ಬಟ್ಟೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಸೂಜಿಯಕ್ಕ ಅವಳ ಎರಡೂ ಕೈ ಹಿಡಿದು, "ಬದುಕಿದಳು" ಎಂದಳು.

ಮಗುವನ್ನು ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಸೂಜಿಯಕ್ಕ ಆಂಬು ಬ್ಯಾಗ್ ಹಿಸುಕುತ್ತ ಕೂತಿದ್ದಳು. ಐಸಿಯುವಿನ ಬಾಗಿಲಲ್ಲಿ ಮಗುವನ್ನು ಒಪ್ಪಿಸುವಾಗಲೂ ಹೃದಯ ಬಡಿಯುತ್ತಿತ್ತು.

ಊರು ಅವಳನ್ನು ತಲೆಯ ಮೇಲೆ ಹೊತ್ತುಕೊಂಡಿತು. ಅಂಗಡಿಯವರು ಎದ್ದು ನಿಂತು ಮಾತಾಡಿಸಿದರು. ಆಸ್ಪತ್ರೆಯ ಮುಖ್ಯಸ್ಥರು ಎಲ್ಲರನ್ನೂ ಕರೆದು ಫೋಟೊ ತೆಗೆಸಿ ಹೊರರೋಗಿ ವಿಭಾಗದ ಗೋಡೆಗೆ ಹಾಕಿಸಿದರು. ಡಾಕ್ಟರಮ್ಮ ಫೋನ್ ಮಾಡಿ, ದೊಡ್ಡ ಆಸ್ಪತ್ರೆಯಲ್ಲಿ ಮುಂದಿನ ತಂಡದ ತರಬೇತಿ ಇದೆ, ಬಂದು ನಡೆದದ್ದನ್ನು ನಿಮ್ಮ ಬಾಯಿಂದಲೇ ಹೇಳಿ, ಅವರಿಗೆ ಧೈರ್ಯ ಬರುತ್ತದೆ ಎಂದರು. ಸೂಜಿಯಕ್ಕ ಹೋದಳು, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. "ಬಡೀತಿದೆ" ಎಂಬಲ್ಲಿಗೆ ಬಂದಾಗ ಇಡೀ ಕೋಣೆ ಚಪ್ಪಾಳೆ ತಟ್ಟಿತು. ಅವಳಿಗೆ ಹಿತವಾಯಿತು. ಬದುಕಿನಲ್ಲಿ ಯಾರೂ ಅವಳಿಗೆ ಚಪ್ಪಾಳೆ ತಟ್ಟಿರಲಿಲ್ಲ.

ಅಲ್ಲಿಂದ ಹಣ್ಣಿನ ಚೀಲ ಹಿಡಿದುಕೊಂಡು, ಅದೇ ಕಟ್ಟಡದ ಮೇಲಿನ ಮಹಡಿಗೆ ಬುಗುರಿಯನ್ನು ನೋಡಲು ಹತ್ತಿದಳು.

ಮಗು ಐಸಿಯುವಿನಿಂದ ವಾರ್ಡಿಗೆ ಬಂದಿತ್ತು. ಉಸಿರು ತಾನಾಗಿಯೇ ಆಡುತ್ತಿತ್ತು. ಮೂಗಿನಲ್ಲಿ ಊಟದ ನಳಿಕೆ. ಕಣ್ಣು ತೆರೆದಿತ್ತು. ಸೂಜಿಯಕ್ಕ ಬಗ್ಗಿ ಹೆಸರು ಕೂಗಿದಳು, ಬೆರಳನ್ನು ಕಣ್ಣ ಮುಂದೆ ಆ ಕಡೆ ಈ ಕಡೆ ಆಡಿಸಿದಳು. ಕಣ್ಣು ಅಲ್ಲೇ ಇತ್ತು. ಕೈಗಳು ಮುಷ್ಟಿ ಕಟ್ಟಿ ಒಳಕ್ಕೆ ತಿರುಚಿಕೊಂಡಿದ್ದವು, ಪಾದಗಳು ಸೆಟೆದಿದ್ದವು. ಅದರ ಅರ್ಥ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾಳಿಯಿಲ್ಲದೆ ಮಿದುಳಿನ ಬಹುಪಾಲು ಸತ್ತಿತ್ತು. ಅದು ಸತ್ತ ಮೇಲೆ ಹೃದಯ ಮತ್ತೆ ಬಡಿಯತೊಡಗಿತ್ತು.

ಹೊಲಿಗೆಯವಳು ಹಣ್ಣು ತೆಗೆದುಕೊಂಡು ಕಿಟಕಿಯ ಮೇಲಿಟ್ಟಳು. ಇನ್ನೂ ನಿದ್ದೆಯ ಮಂಪರಿದೆ ಅಂತಾರೆ, ಇಳಿದ ಮೇಲೆ ಗುರುತು ಹಿಡೀತಾಳೆ ಅಲ್ವಾ ಅಕ್ಕ, ಎಂದು ಕೇಳಿದಳು. ಸೂಜಿಯಕ್ಕ ಡಾಕ್ಟರನ್ನು ಕೇಳೋಣ ಎಂದಳು. ಕೇಳುವುದೇನೂ ಉಳಿದಿರಲಿಲ್ಲ.

ಕೆಲವು ವಾರಗಳಾದ ಮೇಲೆ ಬುಗುರಿಯನ್ನು ಮನೆಗೆ ಕಳಿಸಿದರು. ಹೊಲಿಗೆಯ ಕೋಣೆಯಲ್ಲೇ, ಮಷೀನಿನ ಪಕ್ಕ, ಮಂಚ ಹಾಕಿದರು. ಮೊದಮೊದಲು ಬೀದಿಯೆಲ್ಲ ನೋಡಲು ಬಂತು. ಬಂದವರು ಬಾಗಿಲಲ್ಲೇ ನಿಂತು, ಮಗುವಿನ ಗಂಟಲಿನ ಗೊರಗೊರ ಕೇಳಿ, ಎರಡು ಮಾತಾಡಿ ಹೋದರು. ಆಮೇಲೆ ಬರುವುದು ನಿಂತಿತು. ಬ್ಲೌಸು ಹೊಲಿಸಲು ಬರುತ್ತಿದ್ದ ಹೆಂಗಸರೂ ಮುಂದಿನ ಬೀದಿಯ ಅಂಗಡಿಗೆ ಹೋಗತೊಡಗಿದರು.

ಸೂಜಿಯಕ್ಕ ಡ್ಯೂಟಿ ಮುಗಿಸಿ ದಿನಾ ಅಲ್ಲಿಗೆ ಹೋದಳು. ನಳಿಕೆಯಲ್ಲಿ ಹಾಲು ಬಿಡುವ ಮೊದಲು ನಳಿಕೆಯ ತುದಿ ಹೊಟ್ಟೆಯಲ್ಲೇ ಇದೆಯೇ ಎಂದು ನೋಡುವುದು, ತಲೆ ಎತ್ತರದಲ್ಲಿಡುವುದು, ಬೆನ್ನು ಹುಣ್ಣಾಗದಂತೆ ಹೊರಳಿಸುವುದು, ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸುವುದು, ಎಲ್ಲವನ್ನೂ ತಾಯಿಗೆ ಕಲಿಸಿದಳು. ಹೊಲಿಗೆಯವಳ ಕೈ ಚುರುಕು. ಒಮ್ಮೆ ತೋರಿಸಿದರೆ ಸಾಕು. ಅಂಥ ಒಂದು ಸಂಜೆ ಮಗುವಿನ ಬಾಯಿ ಒರೆಸುತ್ತ ಅವಳು ಮಾತು ತೆಗೆದಳು.

"ಅಕ್ಕ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ನೀವು ಕೈ ಬಿಟ್ಟಿದ್ರೆ, ಇವಳು ಅವತ್ತೇ ಹೋಗಿರ್ತಿದ್ದಳು ಅಲ್ವಾ?"

"ಹೌದು."

"ನೋವು ಗೊತ್ತಾಗ್ತಿತ್ತಾ?"

"ಇಲ್ಲ. ಗೊತ್ತಾಗ್ತಿರ್ಲಿಲ್ಲ."

"ಬದುಕಿದಳು ಅಂತ ನೀವು ಹೇಳಿದಾಗ ನಾನು ನಂಬಿಬಿಟ್ಟೆ" ಎಂದಳು ಹೊಲಿಗೆಯವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಹಿಂಡಿ ಮತ್ತೆ ಒರೆಸಿದಳು.

ಸೂಜಿಯಕ್ಕ ಮಗುವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ ಎದ್ದಳು. ಬೀದಿ ದಾಟಿ ಮನೆಗೆ ಬಂದವಳು ಊಟ ಬೇಡವೆಂದು ಹಿತ್ತಲಿನ ಮೆಟ್ಟಿಲ ಮೇಲೆ ಕೂತಳು. ಮರುದಿನ ಡಾಕ್ಟರಮ್ಮನಿಗೆ ಫೋನ್ ಮಾಡಿ, ನಾನು ಮಾಡಿದ್ದು ಸರಿಯೋ ತಪ್ಪೋ ಹೇಳಿಬಿಡಿ ಎಂದು ಕೇಳಿದಳು. ಡಾಕ್ಟರಮ್ಮ ಸಮಾಧಾನದ ಮಾತಾಡಲಿಲ್ಲ.

"ಎದೆ ಮೇಲೆ ಕೈ ಇಡೋ ಹೊತ್ತಲ್ಲಿ, ಯಾವ ಮಗು ಎದ್ದು ಓಡತ್ತೆ, ಯಾವುದು ಹೀಗೆ ಉಳಿಯತ್ತೆ ಅಂತ ನನಗೂ ಗೊತ್ತಾಗಲ್ಲ. ಅದಕ್ಕೇ ಒತ್ತಬೇಕು. ನೀವು ಮಾಡಿದ್ದು ಸರಿ." ಇದನ್ನೂ ಸೇರಿಸಿದರು: "ಒತ್ತೋದು ಕಲಿಸಿದ್ವಿ. ಆಮೇಲಿಂದು ಕಲಿಸಲಿಲ್ಲ. ನಮಗೂ ಯಾರೂ ಕಲಿಸಿಲ್ಲ."

ಆ ವರ್ಷ ಆ ಎರಡು ಮನೆಗಳ ಬದುಕು ಒಂದೇ ಮಂಚದ ಸುತ್ತ ತಿರುಗಿತು. ಮಗುವಿನ ಗಂಟಲಿನ ಕಫ ಎಳೆಯಲು ಸಕ್ಷನ್ ಯಂತ್ರ ಬೇಕಿತ್ತು. ಆಸ್ಪತ್ರೆ ಕೊಟ್ಟದ್ದು ಕರೆಂಟ್ ಹೋದರೆ ನಿಂತುಬಿಡುತ್ತಿತ್ತು. ಸೂಜಿಯಕ್ಕನ ಗಂಡ ಮಾತು ಕಮ್ಮಿಯ ಮನುಷ್ಯ. ಡಿಪೋದಿಂದ ಯಾವುದೋ ಹಳೆಯ ಪಂಪು, ರಬ್ಬರ್ ಕೊಳವೆ ತಂದು, ಗಾಜಿನ ಬಾಟಲಿ ಕೂರಿಸಿ, ಹೊಲಿಗೆಯವಳು ಕಾಲಲ್ಲಿ ತುಳಿಯುವಂಥದ್ದೊಂದನ್ನು ಮಾಡಿಕೊಟ್ಟ. ತುಳಿಯುವುದು ಅವಳಿಗೆ ಹೇಗೂ ರೂಢಿ ಎಂದಷ್ಟೇ ಹೇಳಿದ. ಅತ್ತೆ ಮಧ್ಯಾಹ್ನಗಳಲ್ಲಿ ಮಂಚದ ಬಳಿ ಕೂತು, ಹೊಲಿಗೆಯವಳು ನಾಲ್ಕು ಹೊಲಿಗೆ ಹಾಕಿಕೊಳ್ಳಲೆಂದು, ಮಗುವನ್ನು ನೋಡಿಕೊಂಡರು. ಬೀದಿಯ ಸುದ್ದಿಯನ್ನೆಲ್ಲ ಬುಗುರಿಯ ಕಿವಿಗೆ ಹಾಕುವರು. "ನನ್ನ ಮಾತಿನ ಮಧ್ಯೆ ಎದ್ದು ಹೋಗದವಳು ಅಂದ್ರೆ ಇವಳೊಬ್ಬಳೇ" ಎನ್ನುವರು. ಹೇಳಿ, ಮುಖ ಆ ಕಡೆ ತಿರುಗಿಸಿಕೊಂಡು ಮಗುವಿನ ಬಿಗಿದ ಮುಷ್ಟಿಯನ್ನು ಎಣ್ಣೆ ಹಚ್ಚಿ ಒಂದೊಂದೇ ಬೆರಳಾಗಿ ಬಿಡಿಸುವರು. ಬಿಟ್ಟ ಕೂಡಲೇ ಅದು ಮತ್ತೆ ಮುಚ್ಚಿಕೊಳ್ಳುತ್ತಿತ್ತು.

ಚಳಿ ಶುರುವಾದ ಮೇಲೆ ನ್ಯುಮೋನಿಯಾ ಬಂತು. ಹೋಯಿತು, ಮತ್ತೆ ಬಂತು. ಪ್ರತಿ ಸಲವೂ ದೊಡ್ಡ ಆಸ್ಪತ್ರೆ, ವೆಂಟಿಲೇಟರ್, ಗಂಟಲಿಗೆ ಕೊಳವೆ, ಕೈಕಾಲಿನ ನರ ಸಿಗದೆ ಕತ್ತಿನಲ್ಲಿ ಸೂಜಿ. ಪ್ರತಿ ಸಲವೂ ಮಗು ಇನ್ನಷ್ಟು ಸೊರಗಿ ಮರಳುತ್ತಿತ್ತು. ಮೂರನೆಯ ಸಲ ಡಾಕ್ಟರಮ್ಮ ತಂದೆ ತಾಯಿ ಇಬ್ಬರನ್ನೂ ಒಳಗೆ ಕೂರಿಸಿ, ಸೂಜಿಯಕ್ಕನನ್ನೂ ಜೊತೆಗಿಟ್ಟುಕೊಂಡು, ಮುಚ್ಚುಮರೆಯಿಲ್ಲದೆ ಮಾತಾಡಿದರು. ಇನ್ನು ಯಂತ್ರ ಹಾಕಿದರೆ ಮಗುವಿಗೆ ಸಿಗುವುದು ನೋವು ಮಾತ್ರ. ಮುಂದಿನ ಸಲ ಉಸಿರು ನಿಂತರೆ ಅದನ್ನು ಹಿಂದಕ್ಕೆಳೆಯದೆ, ನೋವಾಗದಂತೆ, ಉಬ್ಬಸವಾಗದಂತೆ ಔಷಧಿ ಕೊಟ್ಟು, ಮನೆಯಲ್ಲೇ ಇಟ್ಟುಕೊಳ್ಳಬಹುದು. ಇದನ್ನು ಇಂದೇ ತೀರ್ಮಾನಿಸಬೇಕಿಲ್ಲ, ಬೇಡವೆಂದರೂ ನಾವು ಕೈಬಿಡುವುದಿಲ್ಲ ಎಂದರು.

ಹೊಲಿಗೆಯವಳು ನೆಲ ನೋಡುತ್ತ ಕೂತಿದ್ದಳು. ಲಾರಿ ಡ್ರೈವರ್ ಎದ್ದುಬಿಟ್ಟ. ಮಗಳು ತನ್ನ ಕಡೆ ನೋಡಿ ನಕ್ಕಿದ್ದಾಳೆ, ತಾನು ಕಣ್ಣಾರೆ ಕಂಡಿದ್ದೇನೆ, ನೀವೆಲ್ಲ ಸೇರಿ ಅವಳನ್ನು ಮುಗಿಸಲು ನೋಡುತ್ತಿದ್ದೀರಿ ಎಂದ. ಬಾಗಿಲು ದಾಟುವಾಗ ಸೂಜಿಯಕ್ಕನ ಕಡೆ ತಿರುಗಿ, "ನೀವಾದ್ರೂ ಹೇಳ್ಬಾರದಾ ಅಕ್ಕ, ಉಳಿಸಿದವರು ನೀವು" ಎಂದ. ಅವನು ಆ ದಿನವೇ ಲೋಡ್ ಹಿಡಿದು ಹೊರಟುಹೋದ.

ಬಹಳ ದಿನ ಅವನು ಊರಿಗೆ ಬರಲಿಲ್ಲ. ಬಂದಾಗ ಲಾರಿ ರಿಪೇರಿಗೆ ನಿಂತಿತ್ತು; ಮನೆಯಲ್ಲೇ ಇರಬೇಕಾಯಿತು. ಹೆಂಡತಿ ಮಲಗಲೆಂದು ಅವನು ಮಗುವಿನ ಕೆಲಸ ತೆಗೆದುಕೊಂಡ. ಹೊರಳಿಸಿದ, ಒರೆಸಿದ, ಕಾಲಲ್ಲಿ ಪಂಪು ತುಳಿದ. ಮಗು ಮುಖ ಅರಳಿಸುವುದನ್ನು ಅವನು ಮತ್ತೆ ಕಂಡ; ಆ ಅರಳುವಿಕೆಯ ಹಿಂದೆಯೇ ಮೈಯೆಲ್ಲ ಬಿಲ್ಲಿನಂತೆ ಬಾಗಿ, ತುಟಿ ನೀಲಿಯಾಗುವುದನ್ನೂ ಕಂಡ. ನಗುವೆಂದುಕೊಂಡದ್ದು ಫಿಟ್ಸಿನ ಆರಂಭವಾಗಿತ್ತು. ಅದನ್ನು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಅವನು ಆಸ್ಪತ್ರೆಯ ಅಂಗಳಕ್ಕೆ ಬಂದು, ಸೂಜಿಯಕ್ಕ ಹೊರಬರುವವರೆಗೂ ಆಂಬುಲೆನ್ಸ್ ನಿಲ್ಲುವ ಕಡೆ ಕಾಯ್ದ. "ಸಾಕು ಅಕ್ಕ" ಎಂದ. "ಅವಳಮ್ಮನಿಗೆ ಯಾವಾಗಲೋ ಸಾಕಾಗಿತ್ತು. ನಾನೇ ಹೇಳ್ಲಿ ಅಂತ ಕಾಯ್ತಿದ್ದಾಳೆ." ಆಮೇಲೆ, ಸಮಯ ಬಂದಾಗ ನೀವು ನಮ್ಮ ಜೊತೆ ಇರಬೇಕು ಎಂದು ಕೇಳಿಕೊಂಡ. ಸೂಜಿಯಕ್ಕ ಇರುತ್ತೇನೆ ಎಂದಳು. ಗಂಡ ಹೆಂಡತಿ ಇಬ್ಬರೂ ಡಾಕ್ಟರಮ್ಮನ ಬಳಿಗೆ ಹೋಗಿ ಒಪ್ಪಿಗೆ ಹೇಳಿ ಬಂದರು.

ಆ ದಿನ ಬಂದದ್ದು ಒಂದು ಬೆಳಗ್ಗೆ, ಬೀದಿಯಲ್ಲಿ ಮಕ್ಕಳು ಶಾಲೆಗೆ ಹೊರಟ ಹೊತ್ತಿನಲ್ಲಿ. ಹಿಂದಿನ ಸಂಜೆಯಿಂದಲೇ ಜ್ವರವಿತ್ತು. ಡಾಕ್ಟರಮ್ಮ ಬರೆದುಕೊಟ್ಟಿದ್ದ ಔಷಧಿಯನ್ನು ಸೂಜಿಯಕ್ಕ ಹನಿಹನಿಯಾಗಿ ನಾಲಿಗೆಯ ಕೆಳಗೆ ಬಿಟ್ಟಿದ್ದಳು, ಉಬ್ಬಸ ಇಳಿದಿತ್ತು. ತಾಯಿ ಮಂಚದ ಮೇಲೆ ಗೋಡೆಗೊರಗಿ, ಮಗುವನ್ನು ಎದೆಗೆ ಒರಗಿಸಿಕೊಂಡಿದ್ದಳು. ತಂದೆ ಕಾಲ ಬಳಿ, ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದಿದ್ದ. ಅತ್ತೆ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತು, ಒಳಬರಲು ಬಂದವರನ್ನೆಲ್ಲ ಕಣ್ಣಲ್ಲೇ ತಿರುಗಿ ಕಳಿಸಿದರು.

ಉಸಿರಿನ ನಡುವಿನ ಬಿಡುವು ಹಿಗ್ಗುತ್ತ ಹೋಯಿತು. ಒಂದು ಉಸಿರು ಬಿಟ್ಟ ಮೇಲೆ ಇನ್ನೊಂದು ಬರಲಿಲ್ಲ.

ಸೂಜಿಯಕ್ಕ ಮಂಡಿಯೂರಿ ಮಂಚದ ಪಕ್ಕ ಕೂತಿದ್ದಳು. ಅವಳಿಗೆ ಅರಿವಿಲ್ಲದೆಯೇ ಅವಳ ಬಲಗೈ ಎದ್ದು ಮಗುವಿನ ಎದೆಯ ನಡುವೆ ಹೋಗಿ ಕೂತಿತ್ತು. ಅಂಗೈಬುಡ ಸರಿಯಾದ ಜಾಗದಲ್ಲೇ ಇತ್ತು, ಮೊಣಕೈ ನೆಟ್ಟಗಿತ್ತು. ಗಲ್ಲ ಎತ್ತು, ಗಾಳಿ ಕೊಡು, ಒತ್ತು ಎಂದು ಮೈ ಹೇಳುತ್ತಿತ್ತು. ಅಂಗೈಯ ಕೆಳಗೆ ಹೃದಯ ಇನ್ನೂ ಮೆಲ್ಲಗೆ ಬಡಿಯುತ್ತಿತ್ತು. ಈಗ ಎರಡು ಉಸಿರು ಕೊಟ್ಟರೆ ಅದು ಗಟ್ಟಿಯಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹೊಲಿಗೆಯವಳು ಅವಳ ಕೈಯ ಮೇಲೆ ತನ್ನ ಕೈ ಇಟ್ಟಳು. "ಬೇಡ ಅಕ್ಕ" ಎಂದಳು.

ಸೂಜಿಯಕ್ಕ ಒತ್ತಲಿಲ್ಲ. ತೆಗೆಯಲೂ ಇಲ್ಲ. ಅಂಗೈಯ ಕೆಳಗಿನ ಬಡಿತ ತಡೆತಡೆದು, ನಿಂತು, ಮತ್ತೊಮ್ಮೆ ಎದ್ದು, ನಿಂತೇಹೋಯಿತು. ಅಷ್ಟು ಹೊತ್ತೂ ಅವಳು ಭಾರ ಬೀಳದಂತೆ ಕೈಯನ್ನು ಹಿಡಿದಿಟ್ಟುಕೊಂಡಿದ್ದಳು. ಒತ್ತುವಾಗ ಕೂಡ ಅವಳ ಕೈ ಅಷ್ಟು ಸೋತಿರಲಿಲ್ಲ. ಆಮೇಲೆ ಕತ್ತಿನ ಪಕ್ಕ ಬೆರಳಿಟ್ಟು ನೋಡಿ, ಇನ್ನಷ್ಟು ಹೊತ್ತು ಇಟ್ಟು ನೋಡಿ, ಮಗು ಹೋಯಿತು ಎಂದು ಹೇಳಿದಳು. ತಂದೆ ಪಾದಗಳಿಗೆ ಮುಖ ಒತ್ತಿದ. ತಾಯಿ ಮಗುವಿನ ಮುಷ್ಟಿ ಬಿಡಿಸಿ ನೋಡಿದಳು. ಅದು ಈ ಸಲ ಮುಚ್ಚಿಕೊಳ್ಳಲಿಲ್ಲ.

ತಲೆಯ ಮೇಲೆ ಹೊತ್ತಿದ್ದ ಊರು ಈಗ ಬೇರೆ ಮಾತಾಡಿತು. ನರ್ಸಮ್ಮ ಪಕ್ಕದಲ್ಲೇ ಕೂತಿದ್ದಳಂತೆ, ಮಗು ಉಸಿರು ಬಿಡುವುದನ್ನು ನೋಡುತ್ತ ಕೈಕಟ್ಟಿ ಕೂತಿದ್ದಳಂತೆ ಎಂದು ಅಂಗಡಿಗಳಲ್ಲಿ ಗುಸುಗುಸು ಹಬ್ಬಿತು. ಆಸ್ಪತ್ರೆಯ ಚೀಟಿ ಸಾಲಿನಲ್ಲಿ ನಿಂತ ಹೆಂಗಸೊಬ್ಬಳು ಅವಳಿಗೆ ಕೇಳುವಂತೆಯೇ ಅದನ್ನು ಪಕ್ಕದವಳಿಗೆ ಹೇಳಿದಳು. ಗೋಡೆಯ ಮೇಲಿನ ಫೋಟೊವನ್ನು ಯಾರು ಇಳಿಸಿದರೋ, ಒಂದು ದಿನ ಅಲ್ಲಿ ಮೊಳೆ ಮಾತ್ರ ಇತ್ತು. ಅತ್ತೆ ಬೀದಿಯಲ್ಲಿ ನಿಂತು ಒಬ್ಬೊಬ್ಬರ ಮನೆಯ ಬಾಗಿಲಿಗೂ ಕೇಳುವಂತೆ ನಾಲ್ಕು ಮಾತು ಹೇಳಿ ಬಂದರು. ಅದರಿಂದ ಗುಸುಗುಸು ತಗ್ಗಿತೇ ಹೊರತು ನಿಲ್ಲಲಿಲ್ಲ. ಸೂಜಿಯಕ್ಕ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ತುರ್ತು ವಾರ್ಡಿನಿಂದ ಬೇರೆ ಕಡೆ ಹಾಕಿಸಿಕೋ ಎಂದು ಗಂಡ ಹೇಳಿದಾಗ ಮಾತ್ರ, ಯೋಚಿಸುತ್ತೇನೆ ಎಂದಳು. ನಿಜಕ್ಕೂ ಯೋಚಿಸಿದಳು. ಮುಂದಿನ ಮಗು ಬಂದಾಗ ಈ ಕೈ ಏಳುತ್ತದೆಯೇ ಎಂಬ ಹೆದರಿಕೆ ಅವಳಿಗಿತ್ತು.

ಅವಳು ತೀರ್ಮಾನ ಮಾಡುವ ಮೊದಲೇ ಮುಂದಿನ ಮಗು ಬಂತು. ಎಳೆಗೂಸು; ಹಾಲು ನೆತ್ತಿಗೆ ಹತ್ತಿ ಮುಖ ಕಪ್ಪಿಟ್ಟಿತ್ತು. ಅಜ್ಜಿಯೊಬ್ಬಳು ಅದನ್ನು ಬಟ್ಟೆಯ ಗಂಟಿನ ಹಾಗೆ ಅವಚಿಕೊಂಡು ಓಡಿಬಂದಿದ್ದಳು. ಸೂಜಿಯಕ್ಕ ಬಾಯಿ ಚೊಕ್ಕ ಮಾಡಿ, ಗಲ್ಲ ಹಿಡಿದು, ಚಿಕ್ಕ ಮಾಸ್ಕ್ ಇಟ್ಟು ಗಾಳಿ ಕೊಟ್ಟಳು. ಹಾಗೆ ಕೊಡುವಾಗ ಅವಳಿಗೆ ಏನೂ ನೆನಪಾಗಲಿಲ್ಲ. ಕೂಸು ಮೊದಲು ಬಿಕ್ಕಿತು, ಆಮೇಲೆ ಕೈಕಾಲು ಬಡಿದು ಇಡೀ ವಾರ್ಡಿಗೆ ಕೇಳುವಂತೆ ಅತ್ತಿತು. ಅಜ್ಜಿ ಕೈ ಮುಗಿದು, ಬದುಕಿದನಾ ತಾಯಿ ಎಂದು ಕೇಳಿದಳು. ಸೂಜಿಯಕ್ಕ, "ಈಗ ಚೆನ್ನಾಗಿದ್ದಾನೆ. ಎರಡು ದಿನ ಇಲ್ಲೇ ಇಟ್ಟು ನೋಡೋಣ" ಎಂದಷ್ಟೇ ಹೇಳಿದಳು. ಕೈ ತೊಳೆಯಲು ಹೋದವಳು ನಲ್ಲಿ ತಿರುಗಿಸಿ, ಆಯಾ ಬಂದು ಕರೆಯುವವರೆಗೂ ಅಲ್ಲೇ ನಿಂತಿದ್ದಳು.

ಕೂಸು ಹಾಲು ಕುಡಿಯಿತು, ದೀಪದ ಕಡೆ ಕಣ್ಣು ತಿರುಗಿಸಿತು, ಮೂರನೆಯ ದಿನ ಮನೆಗೆ ಹೋಯಿತು.

ಸುದ್ದಿ ಬೀದಿಗೆ ಬಾರದೆ ಇರಲಿಲ್ಲ. ಹೊಲಿಗೆಯವಳು ಆ ಹೊತ್ತಿಗೆ ಅಂಗಡಿಯನ್ನು ಮತ್ತೆ ತೆರೆದಿದ್ದಳು. ಮಂಚವಿದ್ದ ಜಾಗದಲ್ಲಿ ಬಟ್ಟೆಯ ಕಪಾಟು ನಿಂತಿತ್ತು. ಡ್ಯೂಟಿ ಮುಗಿಸಿ ಬರುತ್ತಿದ್ದ ಸೂಜಿಯಕ್ಕನನ್ನು ಅವಳು ಬಾಗಿಲಲ್ಲಿ ನಿಲ್ಲಿಸಿದಳು.

"ಒಂದು ಮಗು ಬಂದಿತ್ತಂತೆ" ಎಂದಳು. "ಅತ್ತಿತಾ?"

"ಅತ್ತಿತು."

"ಕಣ್ಣು?"

"ನೋಡ್ತಿದ್ದಾನೆ. ಅಮ್ಮನ್ನ ಗುರುತು ಹಿಡೀತಾನೆ."

ಹೊಲಿಗೆಯವಳು ತಲೆಯಾಡಿಸಿದಳು. "ಒಳ್ಳೇದಾಯ್ತು" ಎಂದಳು. ಅದು ಬಾಯಿಮಾತಾಗಿರಲಿಲ್ಲ. ಆದರೆ ಹೇಳಿದ ಮೇಲೆ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಇನ್ನೂ ಬೆಳಕಿತ್ತು, ಬೆಂಚಿನ ಮೇಲೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ಅವರನ್ನು ನಾಳೆ ಬನ್ನಿ ಎಂದು ಎಬ್ಬಿಸಿ ಕಳಿಸಿ, ಅವಳು ಅಂಗಡಿಯ ಬಾಗಿಲು ಎಳೆದುಕೊಂಡಳು.

ಆಮೇಲೆ ಎಷ್ಟೋ ದಿನ ಅವಳು ಸೂಜಿಯಕ್ಕನನ್ನು ಮಾತಾಡಿಸಲಿಲ್ಲ. ಸೂಜಿಯಕ್ಕನೂ ಹೋಗಲಿಲ್ಲ. ಎದುರುಬದುರು ಸಿಕ್ಕಾಗ ಇಬ್ಬರೂ ಒಂದು ಕ್ಷಣ ನಿಂತು, ಒಬ್ಬರ ಮುಖ ಒಬ್ಬರು ನೋಡಿ, ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದರು.